ಜೀವನ್‌ಗೆ ಮಾತು ಬಂದದ್ದು ಯಾವುದರಿಂದ

ಇಂದಿರಾಪುರಂ
12 ಸೆಪ್ಟೆಂಬರ್ 2006

ಹಂಸಿನಿ,

‘ನೀವು’ ಎಂದು ಬರೆಯೋಣವೆಂದು ಕುಳಿತೆ, ಕೈ ಬರಲಿಲ್ಲ. ರಾಜಧಾನಿಯ ಚಳಿಯಲ್ಲಿ, ವಸಂತ್ ಕುಂಜ್‌ನ ಆ ಬಾಡಿಗೆ ಕೋಣೆಯಲ್ಲಿ ಒಂದೇ ಹೀಟರಿಗೆ ಕಾಲು ಚಾಚಿ ಓದಿದವರು ನಾವು. ಎರಡೂವರೆ ವರ್ಷ ಮಾತು ಬಿಟ್ಟ ಮಾತ್ರಕ್ಕೆ ಆ ಅಭ್ಯಾಸ ಹೋಗುವುದಿಲ್ಲವಂತೆ.

ನಿನ್ನೆ, ಮೋಸದ ವ್ಯಾಪಾರಗಳನ್ನು ವಿಚಾರಿಸುವ ನಿಮ್ಮ ಆಯೋಗದ ತನಿಖಾ ವಿಭಾಗದಿಂದ ನನಗೊಂದು ನೋಟಿಸ್ ಬಂದಿದೆ. ‘ಸ್ವರಾಂಕುರ್’ ಸಿರಪ್ಪಿನ ಜಾಹೀರಾತು ಜನರನ್ನು ದಾರಿ ತಪ್ಪಿಸುತ್ತಿದೆ ಎಂದು ದೂರಂತೆ. ಅದರಲ್ಲಿ ನನ್ನ ಮತ್ತು ಜೀವನ್‌ನ ಫೋಟೊ ಇರುವುದರಿಂದ ನಾನು ಬಂದು ಹೇಳಿಕೆ ಕೊಡಬೇಕಂತೆ. ಯಶವಂತ್ ಅದನ್ನು ಓದಿ, “ನಿನ್ನ ಫ್ರೆಂಡ್ ಇರೋದು ಇದೇ ಆಫೀಸಿನಲ್ಲಿ ಅಲ್ವಾ?” ಅಂದರು. ಆಗಲೇ ನನಗೆ ಹೊಳೆದದ್ದು.

ನೇರವಾಗಿ ಕೇಳುತ್ತೇನೆ. ಇದು ನಿನ್ನ ಕೈಕೆಲಸವೇ?

ಜೀವನ್‌ನ ಮೂರನೆಯ ಹುಟ್ಟುಹಬ್ಬದ ದಿನ, ಮನೆ ತುಂಬ ಜನರಿದ್ದಾಗ, ಕೇಕಿನ ತಟ್ಟೆ ಹಿಡಿದುಕೊಂಡು ನೀನು ಕೇಳಿದೆ: “ಧನ್ಯಾ, ಇವನಿಗೆ ಕಿವಿ ಕೇಳ್ಸುತ್ತಾ? ಡಾಕ್ಟರಿಗೆ ತೋರಿಸಿದ್ದೀಯಾ?” ಅತ್ತೆ ಅಲ್ಲೇ ಇದ್ದರು, ಅವರ ತಂಗಿಯರು ಇದ್ದರು. ಆ ದಿನವೇ ನಾವು ಜಗಳವಾಡಿ ಮಾತು ಬಿಟ್ಟದ್ದು. ಮಗ ಇನ್ನೂ ‘ಅಮ್ಮ’ ಅನ್ನಲಿಲ್ಲವಲ್ಲ ಎಂದು ದಿನವೂ ಬೇಯುತ್ತಿದ್ದವಳಿಗೆ ನೀನು ಹಾಗೆ ಕೇಳಬಾರದಿತ್ತು.

ಅವನಿಗೆ ನಾಲ್ಕು ತುಂಬಿದ ಬೇಸಿಗೆಯಲ್ಲಿ ಆ ಸಿರಪ್ ಶುರು ಮಾಡಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅವನು ಮಾತಾಡಿದ. ಇದನ್ನು ಯಾರೂ ನನಗೆ ಜಾಹೀರಾತಿನಲ್ಲಿ ಹೇಳಿದ್ದಲ್ಲ, ನನ್ನ ಕಿವಿಯಿಂದ ನಾನೇ ಕೇಳಿದ್ದು. ಕಂಪನಿಯವರು ಒಂದು ಸಭೆ ಕರೆದು, ‘ನಿಮ್ಮ ಅನುಭವವನ್ನು ಬೇರೆ ತಾಯಂದಿರಿಗೂ ಹೇಳಿ’ ಎಂದಾಗ ಸಂತೋಷದಿಂದ ಹೇಳಿದೆ. ಪ್ರತಿಫಲ ಏನೂ ತೆಗೆದುಕೊಳ್ಳಲಿಲ್ಲ. ಆ ಸಂತೋಷವನ್ನು ಈಗ ಸುಳ್ಳೆಂದು ಬರೆಯಲು ನಿಮ್ಮ ಆಫೀಸು ಹೊರಟಿದೆ.

ಫೋನ್ ಮಾಡಬೇಡ. ಮಾಡಿದರೆ ನಾನು ಅತ್ತುಬಿಡುತ್ತೇನೆ, ಅದು ನನಗೆ ಬೇಕಿಲ್ಲ.

ಧನ್ಯಾ


ರಾಮಕೃಷ್ಣಪುರಂ
21 ಸೆಪ್ಟೆಂಬರ್ 2006

ಪ್ರೀತಿಯ ಧನ್ಯಾ,

ಅಲ್ಲ, ನನ್ನ ಕೈಕೆಲಸವಲ್ಲ. ದೂರು ಬಂದದ್ದು ಹೊರಗಿನವರಿಂದ. ಆದರೆ ಫೈಲು ಮೊದಲು ನನ್ನ ಮೇಜಿಗೇ ಬಂತು ಎನ್ನುವುದು ನಿಜ. ತೆರೆದ ಕೂಡಲೇ ನಿನ್ನ ಮುಖ, ನಿನ್ನ ತೊಡೆಯ ಮೇಲೆ ಜೀವನ್. ಎಷ್ಟು ಎತ್ತರವಾಗಿದ್ದಾನೆ! ಪಕ್ಕದ ಮೇಜಿನವರು ‘ಏನಾಯ್ತು ಮೇಡಂ’ ಎಂದು ಕೇಳುವವರೆಗೂ ನೋಡುತ್ತಲೇ ಕುಳಿತಿದ್ದೆ.

‘ಈಕೆ ನನ್ನ ಗೆಳತಿ, ಈ ಪ್ರಕರಣವನ್ನು ನಾನು ನೋಡುವುದು ಸರಿಯಲ್ಲ’ ಎಂದು ಅಂದೇ ನಮ್ಮ ನಿರ್ದೇಶಕರಿಗೆ ಬರೆದುಕೊಟ್ಟೆ. ಈಗ ಚಂದ್ರಮೋಹನ ಎಂಬ ಸಹೋದ್ಯೋಗಿ ಅದನ್ನು ನೋಡುತ್ತಿದ್ದಾರೆ. ಒಳ್ಳೆಯ ಮನುಷ್ಯ. ಅವರನ್ನು ನಾನು ಆ ಬಗ್ಗೆ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಯಾರು ಕೇಳಿದರೂ ಹೇಳಬಹುದಾದಷ್ಟನ್ನು ನಿನಗೂ ಹೇಳುತ್ತೇನೆ. ಜಾಹೀರಾತಿನಲ್ಲಿ ಕೊಟ್ಟ ಮಾತಿಗೆ ಆಧಾರ ಇದೆಯೇ ಎಂದು ನಾವು ನೋಡುತ್ತೇವೆ. ಇಲ್ಲದಿದ್ದರೆ ನಿಲ್ಲಿಸಿ ಎಂದು ಆಯೋಗ ಆದೇಶ ಕೊಡುತ್ತದೆ. ಹೇಳಿಕೆ ಕೊಡಲು ಬಂದವರು ಅಪರಾಧಿಗಳಲ್ಲ. ನಮ್ಮಲ್ಲಿ ಅವರಿಗೆ ಕುರ್ಚಿ ಕೊಡುತ್ತಾರೆ, ಚಹಾ ಕೂಡ ಕೊಡುತ್ತಾರೆ, ಆ ಚಹಾ ಮಾತ್ರ ಚೆನ್ನಾಗಿರುವುದಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಹುಟ್ಟುಹಬ್ಬದ ದಿನದ ವಿಷಯ: ಕೇಳಿದ್ದು ತಪ್ಪಲ್ಲ ಎಂದು ಈಗಲೂ ನನಗೆ ಅನ್ನಿಸುತ್ತದೆ. ಕೇಳಿದ ಜಾಗ ತಪ್ಪು.

ಜೀವನ್ ಮಾತಾಡುತ್ತಾನೆ ಎಂದು ನಾನು ತಿಳಿದದ್ದು ಸರ್ಕಾರಿ ಫೈಲಿನಿಂದ. ಅವನ ದನಿ ಹೇಗಿದೆ? ನಿನ್ನ ಹಾಗೆ ಗಟ್ಟಿಯೋ, ಯಶವಂತ್ ಹಾಗೆ ಬಾಯೊಳಗೇ ಮಾತಾಡುತ್ತಾನೋ? ಇದನ್ನಾದರೂ ಬರೆ.

ನಿನ್ನ,
ಹಂಸಿ


ಇಂದಿರಾಪುರಂ
8 ನವೆಂಬರ್ 2006

ಹಂಸಿ,

ಗಟ್ಟಿ. ನನಗಿಂತಲೂ ಗಟ್ಟಿ. “ಅಮ್ಮಾ, ವೋ ಲಾಲ್‌ವಾಲಾ ಬೇಕು, ಅಭೀ ಬೇಕು” ಎಂದು, ಕೆಂಪಿನದು ಈಗಲೇ ಬೇಕೆಂದು, ಲಿಫ್ಟಿನಲ್ಲಿ ಕೂಗಿದರೆ ಆರನೆಯ ಮಹಡಿಗೆ ಕೇಳುತ್ತದೆ. ಹಿಂದಿಯೋ ಕನ್ನಡವೋ ಎಂದು ಅತ್ತೆ ತಲೆ ಚಚ್ಚಿಕೊಳ್ಳುತ್ತಾರೆ. ನಾನು ಸುಮ್ಮನೆ ಕೇಳುತ್ತಿರುತ್ತೇನೆ. ಯಾವ ಭಾಷೆಯಾದರೂ ಸರಿ.

ಬರೆಯಬಾರದು ಎಂದುಕೊಂಡೇ ಇದ್ದೆ. ಆದರೆ ದೀಪಾವಳಿ ಕಳೆದ ಮೇಲೆ ಒಂದು ಸಂಗತಿ ನಡೆದಿದೆ, ಯಾರಿಗೂ ಹೇಳಿಕೊಳ್ಳಲು ಆಗುತ್ತಿಲ್ಲ.

ಕಂಪನಿಯ ಮ್ಯಾನೇಜರು ವಕೀಲರೊಬ್ಬರನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಒಣಹಣ್ಣಿನ ದೊಡ್ಡ ಡಬ್ಬಿ, ಜೀವನ್‌ಗೆ ರಿಮೋಟ್ ಕಾರು. “ಇದೆಲ್ಲ ನಮ್ಮ ಎದುರಾಳಿ ಕಂಪನಿಯ ಆಟ ಭಾಭೀಜಿ, ನಮ್ಮ ಮಾರ್ಕೆಟ್ ನೋಡಿ ಅವರಿಗೆ ಹೊಟ್ಟೆಯುರಿ” ಎಂದರು. ಆಮೇಲೆ ಟೈಪು ಮಾಡಿಸಿದ ಒಂದು ಪ್ರಮಾಣಪತ್ರ ಮುಂದಿಟ್ಟರು. ನಾನು ಸಹಿ ಮಾಡಿದರೆ ಸಾಕು.

ಓದಿದೆ. ‘ನನ್ನ ಮಗ ಹುಟ್ಟಿನಿಂದ ಕಿವುಡನೂ ಮೂಗನೂ ಆಗಿದ್ದು...’ ಎಂದು ಶುರುವಾಗುತ್ತದೆ.

“ಕಿವುಡ ಅಂತ ನಾನು ಯಾವತ್ತೂ ಹೇಳಿಲ್ಲವಲ್ಲ” ಎಂದೆ.

“ಕಾನೂನಿನ ಭಾಷೆ ಭಾಭೀಜಿ, ಅಷ್ಟೇ. ಜಾಹೀರಾತಿನಲ್ಲೂ ಅದೇ ಇದೆಯಲ್ಲ, ಆಗ ನೀವೇನೂ ಅನ್ನಲಿಲ್ಲ.”

ಅವರು ಹೋದ ಮೇಲೆ ಜಾಹೀರಾತನ್ನು ಹುಡುಕಿ ತೆಗೆದೆ. ಅಷ್ಟು ದಿನ ಫೋಟೊ ಒಂದನ್ನೇ ನೋಡಿದ್ದೆ. ಕೆಳಗೆ ಹಿಂದಿಯಲ್ಲಿ ನಿಜವಾಗಿಯೂ ಹಾಗೆಯೇ ಇದೆ. ಓದಿರಲಿಲ್ಲ ಎಂದರೆ ನೀನು ನಂಬುತ್ತೀಯಾ? ಕಣ್ಣು ಆ ಸಾಲಿನ ಮೇಲೆ ಹೋಗಿತ್ತು, ಮನಸ್ಸು ಹೋಗಿರಲಿಲ್ಲ.

“ಒಂದು ಸಹಿ ತಾನೇ, ಮಾಡಿ ಮುಗಿಸು, ಕೋರ್ಟು ಕಚೇರಿ ಯಾರಿಗೆ ಬೇಕು” ಅನ್ನುತ್ತಾರೆ ಯಶವಂತ್. ಅತ್ತೆ, “ಮಗುವಿಗೆ ಬಾಯಿ ಕೊಟ್ಟ ಔಷಧಿಗೆ ದ್ರೋಹ ಮಾಡಬೇಡ” ಅನ್ನುತ್ತಾರೆ. ಸಹಿ ಮಾಡಿಲ್ಲ. ಮಾಡುವುದಿಲ್ಲ ಎಂದೂ ಹೇಳಿಲ್ಲ.

ನಾನು ಏನು ಮಾಡಲಿ ಹಂಸಿ?

ಧನ್ಯಾ


ರಾಮಕೃಷ್ಣಪುರಂ
15 ನವೆಂಬರ್ 2006

ಧನ್ಯಾ,

ನಿನ್ನ ಕೊನೆಯ ಸಾಲಿಗೆ ನಾನು ಉತ್ತರ ಕೊಡುವ ಹಾಗಿಲ್ಲ. ಇದನ್ನು ಬರೆಯುವುದು ನನಗೆ ಎಷ್ಟು ಕಷ್ಟ ಎಂದು ನಿನಗೆ ತಿಳಿಯಲಿ ಎಂದಷ್ಟೇ ಬರೆಯುತ್ತಿದ್ದೇನೆ. ಮೂರು ಸಲ ಬರೆದು ಹರಿದೆ.

ಕಂಪನಿಗೆ ಸಂಬಂಧವಿಲ್ಲದ ವಕೀಲರೊಬ್ಬರನ್ನು ನೋಡು, ನಿನ್ನವರೇ ಆದ ವಕೀಲರನ್ನು. ಅಷ್ಟೇ.

ಲಿಫ್ಟಿನಲ್ಲಿ ಕೂಗುವವನಿಗೆ ನನ್ನ ಮುತ್ತು ಕೊಡು.

ಹಂಸಿ


ಇಂದಿರಾಪುರಂ
22 ಜನವರಿ 2007

ಹಂಸಿ,

ನಿನ್ನ ಆ ಚೀಟಿಯಂಥ ಪತ್ರ ಓದಿ ಕೋಪ ಬಂದಿತ್ತು. ಉತ್ತರ ಬರೆಯದೆ ಕುಳಿತೆ. ಈಗ ಕೋಪಕ್ಕೆ ಜಾಗವಿಲ್ಲ. ನಿನಗಲ್ಲದೆ ಇನ್ನಾರಿಗೆ ಬರೆಯಲಿ?

ಹೋದ ಭಾನುವಾರ ಬೆಳಿಗ್ಗೆ, ಮಂಜು ಇನ್ನೂ ಕರಗಿರಲಿಲ್ಲ, ಕೆಳಗಿನಿಂದ ವಾಚ್‌ಮನ್ ಭಯ್ಯಾ ಇಂಟರ್‌ಕಾಮ್‌ನಲ್ಲಿ ಕರೆದ. “ಮೇಡಂ, ಒಬ್ಬರು ಹೆಂಗಸು ಬಂದಿದ್ದಾರೆ, ನಿಮ್ಮ ಊರ ಭಾಷೆ.” ಮೇಲೆ ಬಂದವಳ ಹೆಸರು ರತ್ನಮ್ಮ. ಯಾದಗಿರಿ ಕಡೆಯವಳು. ಗಂಡ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾನೆ. ಜೊತೆಗೆ ಆರು ವರ್ಷದ ಮಗಳು, ಅಮೂಲ್ಯ. ಜಾಹೀರಾತಿನಲ್ಲಿ ನನ್ನ ಹೆಸರು ನೋಡಿ, ನಮ್ಮ ಕಡೆಯವರೇ ಇರಬೇಕೆಂದು ಕನ್ನಡ ಸಂಘದಲ್ಲಿ ವಿಚಾರಿಸಿ ವಿಳಾಸ ಹುಡುಕಿದ್ದಾಳೆ. ಮೂರು ಬಸ್ಸು ಬದಲಾಯಿಸಿ ಬಂದಿದ್ದಳು.

ಬೈಯಲು ಬಂದಿದ್ದಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

ನೆಲದ ಮೇಲೆಯೇ ಕುಳಿತು, ಸೆರಗಿನಿಂದ ಮಗಳ ಮೂಗು ಒರೆಸುತ್ತ ಅವಳು ಕೇಳಿದ್ದು ಇದು: “ಅಕ್ಕಾರ, ನೀವು ಔಷಧ ಮುಂಜಾನಿ ಕೊಡ್ತಿದ್ರೋ, ಸಂಜೀಕ ಕೊಡ್ತಿದ್ರೋ? ಊಟಕ್ಕಿಂತ ಮೊದ್ಲೋ, ಆಮ್ಯಾಲೋ? ನಾವು ಕೊಡೂದ್ರಾಗ ಏನೋ ತಪ್ಪಾಗೇದ. ನಿಮ್ಮ ಹುಡುಗನ್ಗ ಬಂದ ಮಾತು ಇಕಿಗ್ಯಾಕ ಬರವಲ್ದು?”

ನಾನು ಚಹಾ ಮಾಡುತ್ತೇನೆಂದು ಒಳಗೆ ಹೋಗಿ ಗ್ಯಾಸ್ ಹಚ್ಚದೆ ನಿಂತೆ.

ಅಮೂಲ್ಯಳಿಗೆ ನಿಜವಾಗಿಯೂ ಕಿವಿ ಕೇಳಿಸುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಕಿವಿಗೆ ಮಿಷನ್ ಹಾಕಿದ್ದರಂತೆ, ವಿಶೇಷ ಶಾಲೆಗೂ ಸೇರಿಸಿದ್ದರಂತೆ. ‘ಅವ್ವ’, ‘ಬಾ’ ಎಂದು ಒಂದೆರಡು ಮಾತು ಶುರುವಾಗಿತ್ತಂತೆ. ಅಷ್ಟರಲ್ಲಿ ನಮ್ಮ ಫೋಟೊ ಬಂತು. ಕಂಪನಿಯ ನಂಬರಿಗೆ ಫೋನ್ ಮಾಡಿದಾಗ, ‘ಮಿಷನ್ ಹಾಕಿದರೆ ಕಿವಿ ಸೋಮಾರಿಯಾಗುತ್ತದೆ, ಔಷಧಿ ನಾಟುವುದಿಲ್ಲ’ ಎಂದರಂತೆ. ಇವರು ಮಿಷನ್ ತೆಗೆದಿಟ್ಟರು. ಶಾಲೆಯನ್ನೂ ಬಿಡಿಸಿದರು. ಆಗಿನಿಂದ ಕಾಯುತ್ತಿದ್ದಾರೆ.

ಜೀವನ್ ತನ್ನ ಕಾರು ತಂದು ಅವಳ ಬೆನ್ನ ಹಿಂದೆ ನಿಂತು, “ಏಯ್, ಖೇಲೋಗೀ, ಆಡ್ತೀಯಾ?” ಎಂದು ಕೂಗಿದ. ಅವಳು ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದ. ಆಮೇಲೆ ನನ್ನ ಮುಖ ನೋಡಿದ, ಸುತ್ತಿ ಬಂದು ಅವಳ ಎದುರು ಕುಳಿತು ಕಾರನ್ನು ಅವಳ ಕಡೆಗೆ ತಳ್ಳಿದ. ಅವಳು ನಕ್ಕಳು. ಹೊರಡುವವರೆಗೂ ಇಬ್ಬರೂ ಆಡಿದರು.

“ಮಿಷನ್ ಮತ್ತೆ ಹಾಕು ರತ್ನಮ್ಮ, ನಾಳೆಯೇ ಹಾಕು” ಎಂದೆ. “ಯಾಕ್ರೀ ಅಕ್ಕಾರ?” ಎಂದಳು. ನನ್ನ ಮಗ ಕಿವುಡನಾಗಿರಲಿಲ್ಲ ಎಂದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮಗಳ ಕೈಯಿಂದ ಕಾರು ಬಿಡಿಸಿಟ್ಟಳು. ಚಹಾ ಕುಡಿಯದೆ ಎದ್ದು ಹೋದಳು.

ಆ ಪ್ರಮಾಣಪತ್ರ ಇನ್ನೂ ಸಹಿಯಿಲ್ಲದೆ ಬಿದ್ದಿದೆ. ಚಂದ್ರಮೋಹನರಿಗೆ ಹೇಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು? ಒಮ್ಮೆ ಬಾ. ನಿನ್ನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಬೇಕು.

ಧನ್ಯಾ


ರಾಮಕೃಷ್ಣಪುರಂ
1 ಫೆಬ್ರುವರಿ 2007

ನನ್ನ ಧನ್ಯಾ,

ಪತ್ರ ಓದಿ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಪಿನವರೆಗೂ ಬಂದಿದ್ದೆ. ವಾಪಸ್ ಹೋದೆ.

ನಮ್ಮ ಪತ್ರವ್ಯವಹಾರದ ವಿಷಯವನ್ನು ನಿರ್ದೇಶಕರಿಗೆ ಹೇಳಿದ್ದೇನೆ. ನೀನು ಬರೆದದ್ದೇನೆಂದು ಹೇಳಲಿಲ್ಲ. ಅದು ನಿನ್ನ ಬಾಯಿಂದ ಹೋಗಬೇಕಾದದ್ದು, ನನ್ನಿಂದಲ್ಲ. ಅವರು ಗದರಿಸಲಿಲ್ಲ. “ಆಕೆಯ ಸಾಕ್ಷ್ಯ ಮುಗಿಯುವವರೆಗೆ ನಿಲ್ಲಿಸಿ ಹಂಸಿನಿ, ಆಕೆಯ ಒಳ್ಳೆಯದಕ್ಕೇ ನಿಲ್ಲಿಸಿ” ಎಂದರು. ಅವರು ಹೇಳಿದ್ದು ಸರಿ. ಈಗ ನಾನು ನಿನ್ನ ಮನೆಗೆ ಬಂದರೆ, ನಾಳೆ ನೀನು ಆಡುವ ಒಂದೊಂದು ಮಾತನ್ನೂ ಅವರ ವಕೀಲರು ನನ್ನ ಮಾತು ಎಂದುಬಿಡುತ್ತಾರೆ.

ಆದ್ದರಿಂದ ಇನ್ನು ಬರೆಯುವುದಿಲ್ಲ. ನೀನು ಬರೆದರೂ ಒಡೆಯುವುದಿಲ್ಲ. ನಿನ್ನ ಕೈ ಹಿಡಿಯಬೇಕಾದ ಹೊತ್ತಿನಲ್ಲಿ ಕೈ ಹಿಂದಕ್ಕೆಳೆದಳು ಎಂದು ನೀನು ಅಂದುಕೊಂಡರೆ, ಅಂದುಕೋ. ನಾನು ತಡೆದುಕೊಳ್ಳುತ್ತೇನೆ.

ಹಂಸಿ


ಇಂದಿರಾಪುರಂ
30 ಆಗಸ್ಟ್ 2007

ಹಂಸಿ,

ಇಂದು ನನ್ನ ಸಾಕ್ಷ್ಯ ಮುಗಿಯಿತು. ನೀನು ಒಡೆಯಲಿ ಎಂದು ಲಕೋಟೆಯ ಮೇಲೂ ಅದನ್ನೇ ಬರೆದಿದ್ದೇನೆ.

ಅಂದುಕೊಂಡೆ. ಫೆಬ್ರುವರಿಯಿಂದ ಇಲ್ಲಿಯವರೆಗೆ ನೀನು ಹೇಳಿದ ಹಾಗೆಯೇ ಅಂದುಕೊಂಡೆ, ದಿನವೂ. ಇಂದು ಮಧ್ಯಾಹ್ನ ಗೊತ್ತಾಯಿತು ನೀನು ಯಾಕೆ ಹಾಗೆ ಮಾಡಿದೆ ಎಂದು.

ಮಾರ್ಚ್‌ನಲ್ಲಿ ಒಬ್ಬಳೇ ಹೋಗಿ ಚಂದ್ರಮೋಹನರಿಗೆ ಹೇಳಿಕೆ ಕೊಟ್ಟಿದ್ದೆ. ಚಹಾ ನಿಜವಾಗಿಯೂ ಚೆನ್ನಾಗಿರಲಿಲ್ಲ. ಕಂಪನಿಯಿಂದ ಎರಡು ಸಲ ಫೋನ್ ಬಂತು. ಎರಡನೆಯ ಸಲ ಭಾಭೀಜಿ ಎನ್ನಲಿಲ್ಲ, ಮಾನನಷ್ಟದ ಮೊಕದ್ದಮೆ ಎಂದರು. ಮನೆಯಲ್ಲಿ ಅತ್ತೆ ಬೇಸಿಗೆಯೆಲ್ಲ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಇಂದು ಆಯೋಗದ ಮುಂದೆ ಕಂಪನಿಯ ವಕೀಲರು ನನ್ನನ್ನು ಪಾಟೀಸವಾಲಿಗೆ ನಿಲ್ಲಿಸಿಕೊಂಡರು. ಯಶವಂತ್ ರಜೆ ಹಾಕಿ ಬಂದಿದ್ದರು. ನಾನು ಕರೆದಿರಲಿಲ್ಲ.

“ತನಿಖಾ ವಿಭಾಗದ ಹಂಸಿನಿ ನಿಮ್ಮ ಗೆಳತಿ. ಹೇಳಿಕೊಟ್ಟದ್ದು ಅವರೇ ಅಲ್ಲವೇ?” ಎಂದರು ವಕೀಲರು.

“ಏನು ಮಾಡಲಿ ಅಂತ ಅವಳನ್ನು ಕೇಳಿದ್ದೆ. ಹೇಳುವ ಹಾಗಿಲ್ಲ ಅಂದಳು. ಚಳಿಗಾಲದಿಂದ ಈಚೆಗೆ ಪತ್ರವೂ ಇಲ್ಲ.”

ಅವರು ಕಾಗದ ಮಗುಚಿದರು. “ಸರಿ. ನಿಮ್ಮ ಮಗ ಈ ಸಿರಪ್ ಕುಡಿದ. ಮಾತಾಡಿದ. ಹೌದೋ ಅಲ್ಲವೋ?”

“ಹೌದು.”

“ಮತ್ತೆ ಇದರಲ್ಲಿ ಸುಳ್ಳೇನಿದೆ?”

ಹಂಸಿ, ಆಗ ಹೇಳಿದ್ದನ್ನು ನಿನಗೆ ಎಂದೋ ಹೇಳಬೇಕಿತ್ತು. ನಿನ್ನೊಂದಿಗೆ ಜಗಳವಾಡಿದ ಮರುವಾರವೇ ಜೀವನ್‌ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಕಿವಿ ಚೆನ್ನಾಗಿದೆ, ಕೆಲವು ಮಕ್ಕಳಿಗೆ ಮಾತು ತಡ, ಇವನೊಂದಿಗೆ ಹೆಚ್ಚು ಮಾತಾಡಿ, ಮಕ್ಕಳ ಜೊತೆ ಬಿಡಿ ಎಂದಿದ್ದರು ಡಾಕ್ಟರು. ನಿನಗೆ ತಿಳಿಸಿದರೆ ನೀನು ಗೆದ್ದಂತಾಗುತ್ತದೆ ಎಂದು ಬಾಯಿ ಬಿಡಲಿಲ್ಲ. ಸಿರಪ್ ಶುರುವಾದ ಬೇಸಿಗೆಯಲ್ಲೇ ಅವನನ್ನು ಪ್ಲೇಸ್ಕೂಲಿಗೆ ಹಾಕಿದೆ. ಹುಬ್ಬಳ್ಳಿಯಿಂದ ನಮ್ಮಮ್ಮ ಬಂದು ಅವನೊಂದಿಗೆ ಇಡೀ ದಿನ ಮಾತಾಡುತ್ತಿದ್ದರು.

ಅದನ್ನೆಲ್ಲ ಅಲ್ಲಿ ಹೇಳಿದೆ. “ಮಾತು ಯಾವುದರಿಂದ ಬಂತು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಊರಿಗೆಲ್ಲ ಹೇಳಿದೆ. ಅವನು ಕಿವುಡನಂತೂ ಆಗಿರಲೇ ಇಲ್ಲ” ಎಂದೆ. ಆಮೇಲೆ ಅಮೂಲ್ಯಳ ವಿಷಯ ಹೇಳಲು ಹೋದೆ. ವಕೀಲರು ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ ಎಂದು ಆಕ್ಷೇಪಿಸಿದರು. ನ್ಯಾಯಪೀಠದಲ್ಲಿದ್ದ ಹಿರಿಯರು ಕನ್ನಡಕ ತೆಗೆದು, “ಆಕೆ ಹೇಳಲಿ” ಎಂದರು.

ಹೊರಗೆ ಬಂದಾಗ ಯಶವಂತ್ ನೀರಿನ ಬಾಟಲಿ ಕೊಟ್ಟು, “ಚಲೋ, ಮನೆಗೆ ಹೋಗೋಣ” ಎಂದರು. ಅಷ್ಟೇ ಅಂದದ್ದು. ಸಾಕಾಯಿತು.

ನಿನ್ನ,
ಧನ್ಯಾ


ರಾಮಕೃಷ್ಣಪುರಂ
19 ಡಿಸೆಂಬರ್ 2007

ನನ್ನ ಧನ್ಯಾ,

ಆಗಸ್ಟಿನ ನಿನ್ನ ಪತ್ರಕ್ಕೆ ನಾಲ್ಕೇ ಸಾಲು ಬರೆದು ಸುಮ್ಮನಾಗಿದ್ದೆ. ತೀರ್ಪು ಬರಲಿ ಎಂದು ಕಾಯುತ್ತಿದ್ದೆ. ನಿನ್ನೆ ಬಂತು.

ಕಂಪನಿ ಆ ಜಾಹೀರಾತನ್ನು ನಿಲ್ಲಿಸಬೇಕು, ಅಂಥದ್ದನ್ನು ಇನ್ನು ಕೊಡಬಾರದು. ಹಿಂದೆ ಬಂದ ಪತ್ರಿಕೆಗಳಲ್ಲೇ, ಅಷ್ಟೇ ದೊಡ್ಡದಾಗಿ, ಹೇಳಿದ್ದಕ್ಕೆ ಆಧಾರ ಇರಲಿಲ್ಲ ಎಂದು ತಿದ್ದುಪಡಿ ಹಾಕಿಸಬೇಕು. ಇನ್ನೊಂದು ಮಾತು. ದೂರು ಕೊಟ್ಟವರಲ್ಲಿ ಎದುರಾಳಿ ಕಂಪನಿಯೂ ಇದ್ದದ್ದು ನಿಜವೇ. ಅವರೂ ಇಂಥದ್ದೇ ಒಂದು ಟಾನಿಕ್ ಮಾರುತ್ತಾರೆ. ಅವರ ಜಾಹೀರಾತಿಗೂ ಈಗ ನೋಟಿಸ್ ಹೋಗಿದೆ. ಆ ಫೈಲು ನನ್ನ ಬಳಿ ಇದೆ.

ನಿನ್ನ ಸಾಕ್ಷ್ಯದ ದಿನ ನಾನು ರಜೆ ಹಾಕಬೇಕಿತ್ತು, ಹಾಕಲಿಲ್ಲ. ನೀನು ಹೊರಗೆ ಬಂದಾಗ ಮೆಟ್ಟಿಲಿನ ತಿರುವಿನಲ್ಲಿ ನಿಂತಿದ್ದೆ. ಹಸಿರು ಸೀರೆ. ಯಶವಂತ್ ನೀರು ಕೊಟ್ಟದ್ದನ್ನು ನೋಡಿದೆ. ಹತ್ತು ಹೆಜ್ಜೆ ದೂರವೂ ಇರಲಿಲ್ಲ. ನೀವು ಗೇಟು ದಾಟುವವರೆಗೂ ಅಲ್ಲೇ ನಿಂತಿದ್ದು ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ.

ಕಿವಿ ತೋರಿಸಿದ್ದೆ ಎಂದು ಬರೆದಿದ್ದೀಯಲ್ಲ. ನಾನು ಗೆದ್ದಂತೆ ಅನ್ನಿಸಲಿಲ್ಲ ಕಣೇ. ಆ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತ ನೀನು ಒಬ್ಬಳೇ ಕುಳಿತಿದ್ದೆ ಎಂದಷ್ಟೇ ಅನ್ನಿಸಿತು.

ಇನ್ನು ಯಾರ ಅನುಮತಿಯೂ ಬೇಕಿಲ್ಲ. ಸಂಕ್ರಾಂತಿಗೆ ಬರುತ್ತೇನೆ.

ಹಂಸಿ


ಇಂದಿರಾಪುರಂ
11 ಮಾರ್ಚ್ 2008

ಪ್ರೀತಿಯ ಹಂಸಿ,

ನೀನು ಬಂದು ಹೋದಾಗಿನಿಂದ ಜೀವನ್ ನಿನ್ನನ್ನು ‘ಆಫೀಸ್‌ವಾಲೀ ಮೌಸಿ’, ಆಫೀಸಿನ ಚಿಕ್ಕಮ್ಮ, ಅನ್ನುತ್ತಾನೆ. ದಿನಾ ಫೋನಿನಲ್ಲಿ ಮಾತಾಡುತ್ತಿದ್ದರೂ ಇದನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ, ಬರೆಯುತ್ತಿದ್ದೇನೆ.

ತಿದ್ದುಪಡಿ ಹೋದ ತಿಂಗಳು ಪತ್ರಿಕೆಯಲ್ಲಿ ಬಂತಲ್ಲ, ಆವತ್ತಿನಿಂದ ಫೋನುಗಳು. ನನ್ನ ನಂಬರು ಅವರಿಗೆಲ್ಲ ಹೇಗೆ ಸಿಕ್ಕಿತೋ. ಮೇರಠ್‌ನಿಂದ ಒಬ್ಬಳು, “ಒಂದು ಆಸೆ ಇತ್ತು, ಅದನ್ನೂ ಕಿತ್ತುಕೊಂಡ್ರಿ” ಎಂದು ಶಪಿಸಿದಳು. ಇನ್ನೊಬ್ಬರು ಕಂಪನಿಯ ಎದುರಾಳಿಗಳಿಂದ ಎಷ್ಟು ತಿಂದಿರಿ ಎಂದರು. ಎಲ್ಲವನ್ನೂ ಕೇಳಿಸಿಕೊಂಡೆ. ಶಪಿಸಿದವಳು ಮಾರನೆಯ ದಿನ ಮತ್ತೆ ಮಾಡಿ, ಡಾಕ್ಟರ ಹೆಸರು ಕೇಳಿದಳು.

ರತ್ನಮ್ಮನ ಸುದ್ದಿ ಮಾತ್ರ ಇರಲಿಲ್ಲ. ಆಯೋಗಕ್ಕೆ ಆಕೆಯ ಗಂಡ ಬಂದು ಹೇಳಿಕೆ ಕೊಟ್ಟಿದ್ದ, ಆಕೆ ಬಂದಿರಲಿಲ್ಲ. ಮಿಷನ್ ಮತ್ತೆ ಹಾಕಿದ್ದಾರೆ, ಶಾಲೆಗೂ ಕಳಿಸುತ್ತಿದ್ದಾರೆ ಎಂದು ಸಂಘದವರಿಂದ ತಿಳಿದಿತ್ತು. ನಿನ್ನೆ ಅಮೂಲ್ಯಳನ್ನು ಪರೀಕ್ಷೆಗೆ ಕರೆತರುತ್ತಾರೆ ಎಂದು ಕೇಳಿ ಆಸ್ಪತ್ರೆಗೆ ಹೋದೆ. ಯಾಕೆ ಹೋದೆ ಎಂದು ಕೇಳಬೇಡ.

ಡಾಕ್ಟರು ಆಗಷ್ಟೇ ನೋಡಿದ್ದರು. ಮಿಷನ್ ಇಲ್ಲದೆ ಕಳೆದ ಆ ತಿಂಗಳುಗಳು ಮಾತು ಕಲಿಯುವ ವಯಸ್ಸಿನ ತಿಂಗಳುಗಳು, ಕಲಿಯುತ್ತಾಳೆ, ಆದರೆ ಈಗ ಹೆಚ್ಚು ಕಷ್ಟ ಎಂದರಂತೆ. ರತ್ನಮ್ಮ ಬಾಗಿಲಿನಿಂದ ಹೊರಗೆ ಬಂದವಳು ನನ್ನನ್ನು ನೋಡಿದಳು. ಒಂದು ವರ್ಷ ತಡೆದದ್ದೆಲ್ಲ ಆಗ ಬಂತು.

“ನಿಮ್ಮ ಮಾರಿ ನೋಡಿ ನಂಬಿದ್ವಲ್ರೀ! ಕಂಪನಿ ಮಾರಿ ನಾವೇನ್ ನೋಡಿದ್ವಾ? ನಮ್ಮಂಗ ಒಬ್ಬಾಕಿ ತಾಯಿ, ನಮ್ಮ ಭಾಷಾದಾಕಿ, ಸುಳ್ಳು ಹೇಳ್ತಾಳೇನಂತ ನನ್ನ ಗಂಡನ ಕೂಡ ಜಗಳಾ ಮಾಡಿ ಮಿಷನ್ ತಗ್ಸೀನಿ ನಾನು. ಶಾಣ್ಯಾ ಮಂದಿ ನೀವು. ಕೆಳಗ ಏನ್ ಬರದಾರಂತ ಓದಬಾರ್ದಾ?”

ಬೆಂಚಿನ ಮೇಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಭಾಷೆ ಗೊತ್ತಿಲ್ಲದಿದ್ದರೂ ಎಲ್ಲರಿಗೂ ಅರ್ಥವಾದಂತಿತ್ತು. ನಾನು “ಹೌದು ರತ್ನಮ್ಮ” ಎಂದೆ. ಅಲ್ಲೇ ಬೆಂಚಿನ ತುದಿಯಲ್ಲಿ ಕುಳಿತೆ. ಆಯೋಗದ ಮುಂದೆ ನಿಂತದ್ದು ಇದಕ್ಕಿಂತ ಸುಲಭವಾಗಿತ್ತು.

ಅವಳು ಬೈದು ಬೈದು ದಣಿದಳು. ಅಷ್ಟರಲ್ಲಿ ಕೌಂಟರಿನಿಂದ ಅಮೂಲ್ಯಳ ಹೆಸರು ಕೂಗಿದರು, ಮಿಷನ್ನಿನ ಹೊಸ ಬ್ಯಾಟರಿ ಬಿಲ್ಲೆ ತೆಗೆದುಕೊಳ್ಳಲು. ಅಲ್ಲಿ ಭಾರಿ ನೂಕುನುಗ್ಗಲು. ರತ್ನಮ್ಮ ಒಮ್ಮೆ ಕೌಂಟರ್ ಕಡೆ ನೋಡಿದಳು, ಒಮ್ಮೆ ಮಗಳ ಕಡೆ. ಆಮೇಲೆ ನನ್ನ ಮುಖ ನೋಡದೆ ಮಗಳನ್ನು ಎತ್ತಿ ನನ್ನ ತೊಡೆಯ ಮೇಲೆ ಕೂರಿಸಿ, “ಬಿಡಬ್ಯಾಡ್ರಿ ಇಕಿನ್ನ, ಓಡ್ತಾಳ” ಎಂದು ಹೋದಳು.

ಹುಡುಗಿ ತಿರುಗಿ ಕುಳಿತು ತನ್ನ ಅಂಗೈಯನ್ನು ನನ್ನ ಗಂಟಲಿನ ಮೇಲೆ ಇಟ್ಟಳು. ದನಿ ಹುಟ್ಟುವಾಗ ಗಂಟಲು ಅದುರುವುದನ್ನು ಕೈಯಿಂದ ತಿಳಿಯುವುದನ್ನು ಶಾಲೆಯಲ್ಲಿ ಕಲಿಸುತ್ತಾರಂತೆ. ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದಳು.

ನಿಧಾನವಾಗಿ ಅವಳ ಹೆಸರನ್ನೇ ಹೇಳಿದೆ. ಅವಳು ಕೈ ತೆಗೆಯಲಿಲ್ಲ. ಇನ್ನೊಮ್ಮೆ ಹೇಳಿದೆ.

ನಿನ್ನ,
ಧನ್ಯಾ